ಸಮುದ್ರದಡಿಯ ಕೇಬಲ್ ತಂತಿಗೆ ಅರ್ಧ ದರ: ತಡ ಎಷ್ಟು, ಉಳಿತಾಯ ಎಷ್ಟು?

ಚುಕ್ಕಿಗೆರೆ: ಹಳೆಯ ಕೇಬಲ್ ತಂತಿಗಳಲ್ಲಿ (ಸಮುದ್ರದಡಿಯ ಕೇಬಲ್ ಮೂಲಕ ಹೋಗುತ್ತಿದ್ದ ಟೆಲಿಗ್ರಾಂಗಳಲ್ಲಿ) ವಿಳಾಸದ ಮೊದಲು ಎಲ್‌ಸಿಒ, ಎಲ್‌ಸಿಎಫ್, ಎಲ್‌ಸಿಡಿ ಎಂದು ಬರೆದಿರುತ್ತದೆ. ಅದು ಅರ್ಧ ದರದ ಗುರುತು ಎಂಬುದು ಗೊತ್ತು. ರಾತ್ರಿ ಕೊಟ್ಟರೆ ಮಾತ್ರ ಈ ದರ ಸಿಗುತ್ತಿತ್ತೇ? ಇಷ್ಟು ಅಗ್ಗವಿದ್ದರೂ ವ್ಯಾಪಾರಿಗಳು ಪೂರ್ತಿ ದರವನ್ನೇ ತೆರುತ್ತಿದ್ದದ್ದು ಯಾಕೆ?

ಕಡಲತಂತಿ: ಗಡಿಯಾರ ನೋಡಿ ಕೊಡುತ್ತಿದ್ದ ದರವಲ್ಲ ಅದು, ಸರದಿಯ ದರ. ಲಂಡನ್ನಿನಲ್ಲಿ ಮಧ್ಯಾಹ್ನ 3 ಆದಾಗ ನ್ಯೂಯಾರ್ಕಿನಲ್ಲಿ ಬೆಳಗ್ಗೆ 10, ಆಗೆಲ್ಲ ಅಲ್ಲಿನ ಷೇರುಪೇಟೆ ತೆರೆಯುತ್ತಿದ್ದ ಹೊತ್ತು. ಕೇಬಲ್ ಮೇಲೆ ಒತ್ತಡವೆಲ್ಲ ಆಗಲೇ. ಎರಡು ತುದಿಗೆ ಎರಡು ವೇಳೆ ಇರುವಾಗ ಯಾರ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯುವುದು? ಹಾಗಾಗಿ 1912ರ ಜನವರಿ 1ರಿಂದ ಬಂದ ಏರ್ಪಾಡಿನಲ್ಲಿ ಅರ್ಧ ದರದ ತಂತಿಯನ್ನು ಯಾವ ಹೊತ್ತಿನಲ್ಲಾದರೂ ಕೊಡಬಹುದಿತ್ತು. ಪೂರ್ತಿ ದರದವು ಮುಗಿದ ಮೇಲಷ್ಟೇ ಅದರ ಪಾಳಿ. ನಡುವಿನ ಪ್ರತಿ ಕೇಬಲ್ ಠಾಣೆಯಲ್ಲೂ ಹೀಗೇ ಪಕ್ಕಕ್ಕಿಡುತ್ತಿದ್ದರಿಂದ, ಠಾಣೆ ಹೆಚ್ಚಿದಷ್ಟೂ ತಡ ಹೆಚ್ಚು. 24 ಗಂಟೆ ಕಳೆದರೂ ತಲುಪದಿದ್ದರೆ ಪೂರ್ತಿ ದರದವುಗಳ ಸಾಲಿಗೇ ಸೇರಿಸಬೇಕಿತ್ತು.

ಪದಕ್ಕಿಷ್ಟು: ಎರಡನೇ ಪ್ರಶ್ನೆಗೆ ಲೆಕ್ಕವೇ ಉತ್ತರ. ಅಟ್ಲಾಂಟಿಕ್ ದರ ಪದಕ್ಕೆ 25 ಸೆಂಟ್ ಇದ್ದ ಕಾಲ. ವಿಳಾಸ 3 ಪದ, ಒಕ್ಕಣೆ 21 ಪದ ಎಂದುಕೊಳ್ಳಿ. (ವಿಳಾಸಕ್ಕೂ ದುಡ್ಡು!) ಪೂರ್ತಿ ದರ 6 ಡಾಲರ್, ಅರ್ಧ ದರ 3 ಡಾಲರ್. ಅದೇ ಒಕ್ಕಣೆಯನ್ನು ಕೋಡ್ ಪುಸ್ತಕ (ಇಡೀ ವಾಕ್ಯಕ್ಕೆ ಒಂದೇ ಸಂಕೇತಪದ ಕೊಡುವ ಪುಸ್ತಕ) ಹಿಡಿದು 5 ಪದಕ್ಕೆ ಇಳಿಸಿದರೆ, ಪೂರ್ತಿ ದರದಲ್ಲೇ 8 ಪದಕ್ಕೆ 2 ಡಾಲರ್. ಬೇಗ ಹೋಗುತ್ತದೆ, ಅಗ್ಗವೂ ಹೌದು. ಅರ್ಧ ದರದಲ್ಲಿ ಕೋಡ್ ಬಳಸುವಂತಿರಲಿಲ್ಲ, ಒಕ್ಕಣೆ ಸಾದಾ ಭಾಷೆಯಲ್ಲೇ ಇದೆ ಎಂದು ಫಾರಂನಲ್ಲಿ ಸಹಿ ಹಾಕಬೇಕಿತ್ತು. ಅಸಲು ಕಟ್ಟುಪಾಡು ತಡವಲ್ಲ, ಇದು. ಇದಿಲ್ಲದಿದ್ದರೆ ತುರ್ತಿಲ್ಲದ ವ್ಯಾಪಾರದ ತಂತಿಗಳೆಲ್ಲ ಕೋಡ್ ಸಮೇತ ಅರ್ಧ ದರಕ್ಕೆ ಜಾರಿಬಿಡುತ್ತಿದ್ದವು.

ಕಡಲತಂತಿ: ಒಂದು ತಿದ್ದುಪಡಿ. ಎಲ್‌ಸಿಒ ಎಂಬ ಗುರುತೂ ಒಂದು ಪದವೇ. 25 ಪದಕ್ಕೆ ಹನ್ನೆರಡೂವರೆ ಸೆಂಟಿನಂತೆ 3 ಡಾಲರ್ ಹನ್ನೆರಡೂವರೆ ಸೆಂಟ್. ಕೊನೆಯ ಅಕ್ಷರ ಭಾಷೆಯದ್ದು: ‘ಒ’ ಅಂದರೆ ಕಳಿಸುವ ದೇಶದ ಭಾಷೆ, ‘ಡಿ’ ತಲುಪುವ ದೇಶದ್ದು, ‘ಎಫ್’ ಫ್ರೆಂಚ್.

ಪದಕ್ಕಿಷ್ಟು: ಹೌದು, ಅದು ಬಿಟ್ಟುಹೋಗಿತ್ತು. ಕೋಡಿನ ಲಾಭವೂ ಎಲ್ಲ ಕಾಲಕ್ಕೆ ಒಂದೇ ಅಲ್ಲ. ಒಂದು ಕೋಡ್ ಪದಕ್ಕೆ 10 ಅಕ್ಷರದವರೆಗೆ ಅವಕಾಶವಿದ್ದಾಗ 5 ಅಕ್ಷರದ ಎರಡು ಸಂಕೇತ ಜೋಡಿಸಿ ಒಂದೇ ಪದದ ಹಣ ಕೊಡುತ್ತಿದ್ದರು. 1934ರಿಂದ ಮಿತಿ 5 ಅಕ್ಷರಕ್ಕೆ ಇಳಿಯಿತು. ಬದಲಿಗೆ ಯುರೋಪಿನಾಚೆಯ ಕೋಡ್ ತಂತಿಗಳಿಗೆ ಪೂರ್ತಿ ದರದ ಹತ್ತರಲ್ಲಿ ಆರು ಪಾಲು ಮಾತ್ರ. ತಂತಿಯ ತಾರೀಖು ನೋಡದೆ ಲೆಕ್ಕ ಹಾಕಬೇಡಿ.

ಚುಕ್ಕಿಗೆರೆ: ಹಾಗಾದರೆ ಎಲ್‌ಟಿ ಎಂಬ ಗುರುತು?

ಕಡಲತಂತಿ: ಅದು ಪತ್ರ ತಂತಿ, 1950ರ ದಶಕದ್ದು. ಅದೂ ಅರ್ಧ ದರವೇ, ಆದರೆ ಕನಿಷ್ಠ 22 ಪದದ ಹಣ ಕಟ್ಟಬೇಕಿತ್ತು. ವಿಳಾಸ, ಗುರುತು ಎಲ್ಲ ಸೇರಿ 11 ಪದಕ್ಕಿಂತ ಕಡಿಮೆ ಇದ್ದರೆ ಪೂರ್ತಿ ದರವೇ ಅಗ್ಗವಾಗುತ್ತಿತ್ತು.