ಟರ್ಬೊ ಕಾರಿಗೆ ಟೈಮರ್ ಹಾಕಿಸಬೇಕಾ?

ಪ್ರಶ್ನೆ: ಸರ್, ನಮಸ್ಕಾರ. ಈ ವರ್ಷ 1.0 ಲೀಟರ್ ಟರ್ಬೊ ಪೆಟ್ರೋಲ್ ಕಾರು ತಗೊಂಡೆ. ಪುಶ್ ಬಟನ್ ಸ್ಟಾರ್ಟ್. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಆಗಾಗ ಹೋಗುತ್ತೇನೆ. ಗಾಡಿ ನಿಲ್ಲಿಸಿದ ಕೂಡಲೇ ಆಫ್ ಮಾಡಿದರೆ ಟರ್ಬೊ ಹಾಳಾಗುತ್ತದೆ, ಟರ್ಬೊ ಟೈಮರ್ ಹಾಕಿಸಿ ಅಂತ ಆಕ್ಸೆಸರೀಸ್ ಅಂಗಡಿಯವರು ಹೇಳುತ್ತಿದ್ದಾರೆ. ಬೇಕಾ?

ಮೆಕ್ಯಾನಿಕ್: ಬೇಡ ಸರ್. ಟೈಮರ್ ಅಂದರೆ ನೀವು ಆಫ್ ಮಾಡಿದ ಮೇಲೂ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಆಮೇಲೆ ನಿಲ್ಲಿಸುವ ಸಾಮಾನು. ಆದರೆ ಅವರು ಹೇಳುವ ಭಯ ಸುಳ್ಳಲ್ಲ. ಟರ್ಬೊ ಅಂದರೆ ಎಂಜಿನ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸಾಧನ. ಅದರ ಶಾಫ್ಟ್ ತೆಳುವಾದ ಆಯಿಲ್ ಪದರದ ಮೇಲೆ ತಿರುಗುತ್ತದೆ, ಜೋರಾಗಿ ಓಡಿಸುವಾಗ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ದಾಟುತ್ತದೆ. ಘಾಟಿ ಹತ್ತುವಾಗ ಪೆಟ್ರೋಲ್ ಎಂಜಿನ್ನಿನ ಹೊಗೆಯ ಬಿಸಿ 900 ಡಿಗ್ರಿ ಹತ್ತಿರ ಹೋಗಬಹುದು. ಆ ಬಿಸಿಯಲ್ಲಿ ಎಂಜಿನ್ ಆಫ್ ಮಾಡಿದರೆ ಆಯಿಲ್ ಪಂಪ್ ನಿಲ್ಲುತ್ತದೆ, ಹೊಗೆ ತಾಗಿ ತಿರುಗುವ ಚಕ್ರದ (ಟರ್ಬೈನ್) ಕಡೆಯ ಕಾವು ನಿಧಾನಕ್ಕೆ ಬೇರಿಂಗಿಗೆ ಇಳಿಯುತ್ತದೆ. ಅಲ್ಲೇ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಹೀಗೆ ಹೋದ ಟರ್ಬೊದ ಆಯಿಲ್ ಪೈಪ್ ಬಿಚ್ಚಿ ನೋಡಿದರೆ ಒಳಗೆ ಹಳೇ ದೋಸೆ ಹಂಚಿನ ಅಂಚಿನ ಹಾಗೆ ಗಟ್ಟಿ ಕರಿ ಪದರ ಇರುತ್ತದೆ. ತೂತು ಅರ್ಧ ಮುಚ್ಚಿರುತ್ತದೆ.

ನಿಮ್ಮಂಥ ಹೊಸ ಕಾರುಗಳಲ್ಲಿ ಬೇರಿಂಗ್ ಸುತ್ತ ಕೂಲಂಟ್ ಹರಿಯುತ್ತದೆ. ಎಂಜಿನ್ ನಿಂತ ಮೇಲೂ ಬಿಸಿಯಾದ ಕೂಲಂಟ್ ತಾನಾಗಿ ಮೇಲೇರಿ ತಣ್ಣಗಿನದು ಕೆಳಗಿಳಿಯುತ್ತದೆ. ಕೆಲವು ಕಾರುಗಳಲ್ಲಿ ಆಫ್ ಆದ ಮೇಲೆ ಚಿಕ್ಕ ಕರೆಂಟ್ ಪಂಪ್, ಫ್ಯಾನ್ ಸ್ವಲ್ಪ ಹೊತ್ತು ಓಡುತ್ತವೆ. ಆ ಸದ್ದು ಕೇಳಿ ಗಾಬರಿಯಾಗಬೇಡಿ.

ಟೈಮರ್ 1980, 90ರ ದಶಕದ ಜಪಾನಿ ಟರ್ಬೊ ಕಾರುಗಳ ಕಾಲದಲ್ಲಿ ಬಳಕೆಗೆ ಬಂದ ಸಾಮಾನು. ಈಗ ಅದಕ್ಕಾಗಿ ವೈರಿಂಗ್ ಕತ್ತರಿಸಿದರೆ ವಾರಂಟಿಗೆ ತಕರಾರು ಬರುತ್ತದೆ. ನೀವು ಇಳಿದು ಹೋದ ಮೇಲೂ ಎಂಜಿನ್ ಓಡುತ್ತಿರುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಅದು ಅಪಾಯ.

ನೀವು ಮಾಡಬೇಕಾದದ್ದು ಇಷ್ಟೇ. ದೋಣಿಗಾಲಿನಲ್ಲಿ ಘಾಟಿ ಮುಗಿದ ಮೇಲೆ ಸಕಲೇಶಪುರದವರೆಗೆ ಆಕ್ಸಿಲರೇಟರ್ ಹಗುರಾಗಿ ಒತ್ತಿ ಹೋಗಿ. ಹೋಟೆಲ್ ಬರುವಷ್ಟರಲ್ಲಿ ಟರ್ಬೊ ತಣ್ಣಗಾಗಿರುತ್ತದೆ, ಆಮೇಲೆ ಸುಮ್ನೆ ಆಫ್ ಮಾಡಿ. ಘಾಟಿ ತಲೆಯಲ್ಲೇ ನಿಲ್ಲಿಸಬೇಕಾದರೆ ಮಾತ್ರ ಒಂದು ನಿಮಿಷ ಐಡ್ಲಿಂಗ್ ಬಿಡಿ. ಊರೊಳಗೆ ತರಕಾರಿಗೆ ಹೋಗಿ ಬಂದದ್ದಕ್ಕೆ ಅದೂ ಬೇಡ.

ಇನ್ನೊಬ್ಬ ಸದಸ್ಯರು: ಅಣ್ಣ, ನಮ್ಮಪ್ಪನದು 2013ರ 1.3 ಡೀಸೆಲ್. ಅವರು ಆಫ್ ಮಾಡುವ ಮುಂಚೆ ಒಂದು ರೇಸ್ ಕೊಡುತ್ತಾರೆ. ಹಾಗೆ ಮಾಡಬೇಕಂತೆ, ನಿಜನಾ?

ಮೆಕ್ಯಾನಿಕ್: ದಯವಿಟ್ಟು ಇವತ್ತೇ ಬಿಡಿಸಿ. ರೇಸ್ ಕೊಟ್ಟಾಗ ಶಾಫ್ಟ್ ವೇಗ ಏರುತ್ತದೆ, ಅದೇ ಹೊತ್ತಿಗೆ ಆಯಿಲ್ ನಿಲ್ಲುತ್ತದೆ. ಅಪ್ಪನಿಗೆ ಹೀಗೇ ಬಿಡಿಸಿ ಹೇಳಿ, ಖಂಡಿತ ಕೇಳುತ್ತಾರೆ. ಆ ಕಾಲದ ಎಷ್ಟೋ ಚಿಕ್ಕ ಡೀಸೆಲ್ ಟರ್ಬೊಗಳಿಗೆ ಕೂಲಂಟ್ ಇಲ್ಲ, ತಣ್ಣಗಾಗಲು ಆಯಿಲ್ ಒಂದೇ ಗತಿ. ಹೈವೇ ಓಟದ ನಂತರ ಒಂದು ನಿಮಿಷ ಐಡ್ಲಿಂಗ್ ಅಭ್ಯಾಸ ಮಾಡಿಕೊಳ್ಳಿ. ಡೀಸೆಲ್ ಐಡ್ಲಿಂಗಿನಲ್ಲಿ ಬೇಗ ತಣ್ಣಗಾಗುತ್ತದೆ, ಐದು ನಿಮಿಷ ಬಿಟ್ಟರೆ ಜಾಸ್ತಿ ಲಾಭವೇನೂ ಇಲ್ಲ.

ಮೊದಲ ಸದಸ್ಯರು: ಹಾಗಾದರೆ ಆಟೋ ಸ್ಟಾರ್ಟ್ ಸ್ಟಾಪ್? ಸಿಗ್ನಲ್‌ನಲ್ಲಿ ತಾನೇ ಆಫ್ ಆಗುತ್ತದಲ್ವಾ?

ಮೆಕ್ಯಾನಿಕ್: ಸಿಟಿ ಓಡಾಟದಲ್ಲಿ ಟರ್ಬೊಗೆ ಅಷ್ಟು ಕಾವು ಹತ್ತುವುದಿಲ್ಲ, ಆ ಎಂಜಿನ್ ಮಾಡಿರುವುದೇ ಅದಕ್ಕೆ. ಘಾಟಿಯಲ್ಲಿ ಲಾರಿಗಳ ಹಿಂದೆ ನಿಂತು ನಿಂತು ಹತ್ತುವಾಗ ಮಾತ್ರ ಆಟೋ ಸ್ಟಾಪ್ ಬಟನ್ ಒತ್ತಿ, ಎಂಜಿನ್ ತಾನಾಗಿ ಆಫ್ ಆಗದ ಹಾಗೆ ಇಡಿ.

ಟೈಮರಿಗೆ ಇಟ್ಟ ದುಡ್ಡನ್ನು ಆಯಿಲಿಗೆ ಹಾಕಿ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡೇ ಇರಲಿ, ಫಿಲ್ಟರ್ ಸಮೇತ ಹೊತ್ತಿಗೆ ಸರಿಯಾಗಿ ಬದಲಿಸಿ. ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು. ಸೈರನ್ ಥರ ಸದ್ದು, ನೀಲಿ ಹೊಗೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿಯುವುದು, ಇದರಲ್ಲಿ ಯಾವುದು ಕಂಡರೂ ಕಾಯಬೇಡಿ, ಗಾಡಿ ತೋರಿಸಿ.