ಅಟ್ಟದ ಕಾವು ಕೆಳಗಿನ ರೂಮಿಗೆ ಇಳೀತಿದೆ, ಮೊದ್ಲು ಫ್ಯಾನಾ ಇನ್ಸುಲೇಷನ್ನಾ?

ಪ್ರಶ್ನೆ:
ನಮ್ದು ಹಳೇ ಮನೆ, ಇಳಿಜಾರು ಮಾಡು, ಕೆಳಗೆ ಹಲಗೆ ಸೀಲಿಂಗು, ನಡುವೆ ಅಟ್ಟ. ಮಧ್ಯಾಹ್ನ ಅಟ್ಟಕ್ಕೆ ತಲೆ ಹಾಕಿದ್ರೆ ಮುಖಕ್ಕೆ ಝಳ ಹೊಡಿಯುತ್ತೆ, ಕೆಳಗಿನ ರೂಮು ರಾತ್ರಿ 10 ಆದ್ರೂ ತಣ್ಣಗಾಗಲ್ಲ. ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕ್ಸೋಣ ಅಂತಿದ್ದೆ, ಇನ್ನೊಬ್ರು ಅದೆಲ್ಲ ಬೇಡ ಗ್ಲಾಸ್ ವೂಲ್ (ಕಾವು ತಡಿಯೋ ಗಾಜಿನ ನಾರಿನ ಹಾಸು) ದಪ್ಪಗೆ ಹಾಸಿಬಿಡಿ ಸಾಕು ಅಂತಾರೆ. ಪಕಾಸಿನ (ಮಾಡು ಹೊರೋ ಓರೆ ಮರದ) ಮೇಲೆ ಒಂದ್ಕಡೆ ಕಪ್ಪು ಕಲೆ ಬೇರೆ ಇದೆ. ಮೊದ್ಲು ಯಾವ್ದು ಮಾಡ್ಸೋದು?

ಉತ್ತರ 1:
ಎರಡೂ ತಡೀರಿ, ಮೊದ್ಲು ಆ ಕಲೆ ಯಾಕೆ ಬಂತು ನೋಡಿ. ಮಾಡು ಸೋರ್ತಿದ್ಯೋ, ಕೆಳಗಿನ ಹಬೆ ಮೇಲೇರಿ ಕೂತಿದ್ಯೋ ಗೊತ್ತಾಗ್ದೆ ಗ್ಲಾಸ್ ವೂಲ್ ಹಾಸಿದ್ರೆ ಅದು ನೆನೆಯುತ್ತೆ, ನೆನೆದ್ಮೇಲೆ ಕಾವು ತಡಿಯಲ್ಲ. ಬಚ್ಚಲ ಫ್ಯಾನಿನ ಪೈಪು ಎಲ್ಲಿಗೆ ಹೋಗಿ ಮುಗಿಯುತ್ತೆ ಹುಡುಕಿ. ಇನ್ನೊಂದು, ಹಗಲು ಹೊತ್ತು ಟಾರ್ಚ್ ಆರಿಸಿ ಅಟ್ಟದಲ್ಲಿ ಐದು ನಿಮಿಷ ಕೂತು ಸೂರಿನ ಕಡೆ ನೋಡಿ, ಬೆಳಕಿನ ಗೆರೆ ಕಾಣ್ಲಿಲ್ಲ ಅಂದ್ರೆ ಗಾಳಿ ದಾರಿ ಮುಚ್ಚಿರೋ ಸಾಧ್ಯತೆ ಜಾಸ್ತಿ.

ಉತ್ತರ 2:
ಫ್ಯಾನಿಗೆ ನನ್ನ ಓಟಿಲ್ಲ. ಸೂರಿಂದ ಗಾಳಿ ಬರ್ದಿದ್ರೆ ಅದು ಸೀಲಿಂಗ್ ಸಂದಿಯಿಂದ ಕೆಳಗಿನ ರೂಮಿನ ಗಾಳಿನೇ ಎಳ್ಕೊಳ್ಳುತ್ತೆ, ಎಸಿ ಇದ್ರೆ ಆ ತಂಪೂ ಹೋಯ್ತು. ಬಿಸಿ ಗಾಳಿ ತಾನಾಗೇ ಮೇಲೇರುತ್ತೆ, ಸೂರಲ್ಲಿ ಒಳಕ್ಕೆ ದಾರಿ, ಮಾಡಿನ ನೆತ್ತಿಲಿ ಹೊರಕ್ಕೆ ದಾರಿ ಕೊಟ್ರೆ ಆಯ್ತು. ಸಾಮಾನ್ಯ ಲೆಕ್ಕ ಅಂದ್ರೆ ಅಟ್ಟದ ನೆಲದ 300ರಲ್ಲಿ ಒಂದು ಭಾಗ ಕಿಂಡಿ, ಅಂದ್ರೆ 900 ಚದರ ಅಡಿಗೆ 3 ಚದರ ಅಡಿ, ಅರ್ಧ ಕೆಳಗೆ ಅರ್ಧ ಮೇಲೆ. ಜಾಲರಿ ಹಾಕಿದ್ರೆ ಅದು ತಿನ್ನೋ ಜಾಗ ಕಳೆದು ಲೆಕ್ಕ ಹಾಕಿ. ಆದ್ರೆ ಗಾಳಿ ಒಂದ್ರಿಂದ್ಲೇ ರೂಮು ತಣ್ಣಗಾಗುತ್ತೆ ಅಂದ್ಕೋಬೇಡಿ, ಕಾದ ಮಾಡಿಂದ ಕಾವು ನೇರ ಕೆಳಕ್ಕೆ ಸೂಸ್ತಾ ಇರುತ್ತೆ, ಅದನ್ನ ತಡಿಯೋಕೆ ಇನ್ಸುಲೇಷನ್ ಬೇಕೇ ಬೇಕು.

ಪ್ರಶ್ನೆ ಕೇಳಿದವರು:
ಇವತ್ತು ಹತ್ತಿ ನೋಡ್ದೆ. ಸೂರಿನುದ್ದಕ್ಕೂ ಯಾರೋ ಹಳೇ ಗೋಣಿಚೀಲ ತುರುಕಿದ್ದಾರೆ, ಬಚ್ಚಲ ಪೈಪು ಸರಿಯಾಗಿ ಆ ಕಲೆ ಕೆಳಗೇ ಬಾಯಿ ತೆರ್ಕೊಂಡು ಬಿದ್ದಿದೆ! ಸ್ಕ್ರೂಡ್ರೈವರ್ ಚುಚ್ಚಿ ನೋಡ್ದೆ, ಮರ ಗಟ್ಟಿಯಾಗಿದೆ, ಸಮಾಧಾನ ಆಯ್ತು. ಜಂತೆ ಮೇಲೆ ಹಳೇ ವೈರು ಹಾದುಹೋಗಿದೆ, ಅದ್ರ ಮೇಲೇ ಹಾಸ್ಬೋದಾ?

ಉತ್ತರ 3:
ದಯವಿಟ್ಟು ಬೇಡ. ಹಳೇ ವೈರಿನ ಕಾವು ಹೊರಗೆ ಹೋಗೋಕೆ ಜಾಗ ಇಲ್ದಂಗಾದ್ರೆ ಬೆಂಕಿ ಅಪಾಯ, ಎಲೆಕ್ಟ್ರಿಷಿಯನ್ ನೋಡಿ ಸರಿ ಅಂದ್ಮೇಲೇ ಮುಂದಿನ ಕೆಲಸ. ಪೈಪು ಮನೆಯಿಂದ ಹೊರಕ್ಕೆ ತೆಗೀರಿ, ಗೋಣಿ ಕಿತ್ತಾಕಿ, ಸೀಲಿಂಗಲ್ಲಿ ವೈರು ಪೈಪು ತೂರಿರೋ ಸಂದಿ ಎಲ್ಲ ಮುಚ್ಚಿ, ಆಮೇಲೆ ಹಾಸೋದು. ಸೂರಿನ ಹತ್ರ ಮಾಡಿಗೂ ಗ್ಲಾಸ್ ವೂಲಿಗೂ ಮಧ್ಯೆ ಕನಿಷ್ಠ 25 ಮಿಲಿಮೀಟರ್ ಬಿಡ್ಬೇಕು, ಇಲ್ಲಾಂದ್ರೆ ಗೋಣಿ ಜಾಗಕ್ಕೆ ಅದೇ ಬಂದು ಕೂರುತ್ತೆ. ಒತ್ತಿ ತುರುಕ್ಬೇಡಿ, ಅದ್ರೊಳಗಿನ ಗಾಳಿನೇ ಕಾವು ತಡಿಯೋದು. ಮಾಸ್ಕು, ಗ್ಲೌಸ್ ಹಾಕ್ಕೊಳ್ಳಿ. ಅಟ್ಟ ಹತ್ತೋ ಮುಚ್ಚಳ ಮರೀತಾರೆ ಎಲ್ರೂ, ಅದ್ರ ಬೆನ್ನಿಗೂ ಒಂದು ತುಂಡು ಅಂಟಿಸಿ, ಅಂಚಿಗೆ ಸುತ್ತ ರಬ್ಬರ್ ಪಟ್ಟಿ ಕೊಡಿ.