ದುಃಖವಿದ್ದೂ ಅಳದವರ ಬಗ್ಗೆ ಬರೆಯುವಾಗ ಯಾವ ಮಾತು ಸರಿ?

ಪ್ರಶ್ನೆ (ಮಳವಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ತೀರಿಕೊಂಡ ದಿನ ಅಜ್ಜಿ ಅವರ ತಲೆದೆಸೆಯಲ್ಲಿ ಕುಳಿತು, ತಾತ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಟವೆಲನ್ನು ಮಡಿಸುತ್ತ, ಬಿಚ್ಚಿ ಮತ್ತೆ ಮಡಿಸುತ್ತ ಇದ್ದರೇ ಹೊರತು ಒಂದು ಹನಿ ಕಣ್ಣೀರು ಹಾಕಲಿಲ್ಲ. ಅವರ ಕುರಿತ ಲೇಖನದಲ್ಲಿ ‘ಅಳು ನುಂಗಿಕೊಂಡರು’ ಎಂದು ಬರೆದಿದ್ದೇನೆ. ಆದರೆ ಅವರು ಏನನ್ನೋ ತಡೆದುಕೊಂಡಂತೆ ಕಾಣಲಿಲ್ಲ. ‘ಅಳಲು’ ಎಂಬ ಪದ ಇಲ್ಲಿಗೆ ಹೊಂದುತ್ತದೆಯೇ?

ಉತ್ತರ (ಮೈಸೂರಿನಿಂದ)

ನಿಮ್ಮ ಅನುಮಾನ ಸರಿಯಾಗಿದೆ. ಗಂಟಲಿನವರೆಗೆ ಬಂದದ್ದನ್ನು ಮಾತ್ರ ನುಂಗಿಕೊಳ್ಳಲು ಸಾಧ್ಯ. ಇನ್ನು ‘ಅಳಲು’ ಹಳಗನ್ನಡದಲ್ಲಿ ‘ಅೞಲ್’ ಎಂದಿತ್ತು, ‘ಅಳು’ ಕೂಡ ‘ಅೞು’ ಎಂದಿತ್ತು. 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ‘ರಳ’ ಎಂದು ಕರೆದ ಆ ‘ೞ’ ಅಕ್ಷರ ಈಗ ಬಳಕೆಯಲ್ಲಿಲ್ಲ. ಅೞಲ್ ಎಂದರೆ ದುಃಖ, ಬೇಗೆ, ಅದಕ್ಕೆ ಕಣ್ಣೀರು ಇರಲೇಬೇಕೆಂದಿಲ್ಲ. ಆದ್ದರಿಂದ ಅರ್ಥದ ಮಟ್ಟಿಗೆ ಹೊಂದುತ್ತದೆ. ಆದರೆ ‘ಕಬ್ಬು ಬೆಳೆಗಾರರ ಅಳಲು’ ಎಂಬಂಥ ಪತ್ರಿಕೆಯ ತಲೆಬರಹಗಳನ್ನು ದಿನವೂ ಓದುವವರಿಗೆ ಅದು ಈಗ ದೂರು, ಅಹವಾಲು ಎಂದೇ ಕೇಳಿಸುತ್ತದೆ. ಅಜ್ಜಿಯ ವಿಷಯದಲ್ಲಿ ಅದು ಬೇಡ.

ಉತ್ತರ (ಮದ್ದೂರಿನಿಂದ)

ನಮ್ಮ ಕಡೆ ಇಂಥವರನ್ನು ‘ಗರ ಬಡಿದವರ ಹಾಗೆ ಕೂತಿದ್ದರು’ ಎನ್ನುತ್ತಾರೆ. ಗರ ಎಂಬುದು ಗ್ರಹದ ತದ್ಭವ. ಸಾವಿನ ಮನೆಯಲ್ಲಿ ಗೋಳಾಡುವವರಿಗಿಂತ ಹೀಗೆ ಸುಮ್ಮನೆ ಕುಳಿತವರನ್ನು ಕಂಡೇ ನೆರೆದ ಹೆಂಗಸರಿಗೆ ಗಾಬರಿಯಾಗುತ್ತದೆ. ಭುಜ ಹಿಡಿದು ಅಲುಗಿಸಿ ‘ಅತ್ಬುಡವ್ವ, ಎದೆ ಹಗುರಾಯ್ತದೆ’ ಎಂದು ಬೇಡಿಕೊಳ್ಳುತ್ತಾರೆ. ‘ಕಲ್ಲೆದೆ’ ಎಂದು ಮಾತ್ರ ದಯವಿಟ್ಟು ಬರೆಯಬೇಡಿ; ಅದು ಮರುಕವಿಲ್ಲದವರಿಗೆ ಹೇಳುವ ಮಾತು.

ಉತ್ತರ (ಮೈಸೂರು, ಸರಸ್ವತಿಪುರಂನಿಂದ)

ಮದ್ದೂರಿನವರ ಮಾತು ಚೆನ್ನಾಗಿದೆ, ಆದರೆ ಈ ಅಜ್ಜಿಗೆ ಅದು ಪೂರ್ತಿ ಒಪ್ಪುವುದಿಲ್ಲ ಎಂದು ನನಗನಿಸುತ್ತದೆ. ಗರ ಬಡಿದವರ ಕೈಕಾಲು ಆಡುವುದಿಲ್ಲ; ಇವರ ಕೈ ಗಂಡನ ಬಟ್ಟೆಯನ್ನು ಓರಣ ಮಾಡುತ್ತಲೇ ಇತ್ತು. ಒಂದೇ ಪದಕ್ಕಾಗಿ ಹುಡುಕುವ ಬದಲು ‘ಅಜ್ಜಿಗೆ ಅಳು ಬರಲಿಲ್ಲ’ ಎಂದು ಬರೆಯಿರಿ. ‘ಅಜ್ಜಿ ಅಳಲಿಲ್ಲ’ ಎಂದರೆ ಅಳದಿರುವುದು ಅವರೇ ಮಾಡಿದ ಕೆಲಸವಾಗುತ್ತದೆ, ಓದುವವರು ಅದರಲ್ಲಿ ಹಟವನ್ನೋ ಧೈರ್ಯವನ್ನೋ ಕಾಣುತ್ತಾರೆ. ‘ಅಳು ಬರಲಿಲ್ಲ’ ಎಂದಾಗ ಕರ್ತೃವಾಗುವುದು ಅಳುವೇ. ನಿದ್ದೆಯಂತೆ ಅದೂ ತಾನಾಗಿ ಬರಬೇಕಾದದ್ದು, ಆ ದಿನ ಬರಲಿಲ್ಲ, ಅಷ್ಟೇ. ಅದರಲ್ಲಿ ಅಜ್ಜಿಯ ಮೇಲೆ ಹೊಗಳಿಕೆಯೂ ಇಲ್ಲ, ಆಕ್ಷೇಪವೂ ಇಲ್ಲ.